ದೊಡ್ಡಪ್ಪ ಎರಡು ಸಲ ಕೈ ಎತ್ತಿದ್ದು

ಮೂರು ವರ್ಷದ ಹಿಂದೆ, ಒಂದು ಸೋಮವಾರ ಬೆಳಿಗ್ಗೆ ಏಳೂಕಾಲಿಗೆ, ವಕ್ಕಲೇರಿ ಹತ್ತಿರದ ನಮ್ಮೂರಿನ ಹಾಲಿನ ಡೈರಿ ಮುಂದೆ, ಕಿಟಕಿಯಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಖಾಲಿ ಕ್ಯಾನು ಹಿಡಿದು ನಿಂತಿದ್ದೆ. ಆದ್ದರಿಂದ ನನ್ನ ಮಾತನ್ನು ನೀವು ನಂಬಬಹುದು. ನಮ್ಮ ದೊಡ್ಡಪ್ಪನಿಗೆ ಕರುಳೆಂಬುದೇ ಇರಲಿಲ್ಲ, ಓಟಿನ ವಿಷಯದಲ್ಲಂತೂ!

ಡೈರಿಯಲ್ಲಿ ವರ್ಷಗಟ್ಟಲೆ ಹಾಲು ಪರೀಕ್ಷೆ ಮಾಡಿದವರು. ಭಾಷಣ ಕೇಳುವಾಗಲೂ ಎಷ್ಟು ನೀರು ಬೆರೆತಿದೆ ಎಂದೇ ಯೋಚನೆ. ಯಾರೇ ಪಂಚಾಯ್ತಿಗೆ ನಿಲ್ಲಲಿ, ಪಾರ್ಲಿಮೆಂಟಿಗೆ ನಿಲ್ಲಲಿ, ದೊಡ್ಡಪ್ಪನ ನೋಟ್‌ಬುಕ್ಕಿನಲ್ಲಿ ಹತ್ತಕ್ಕೆ ಇಷ್ಟು ಅಂತ ಅಂಕ ಬೀಳುತ್ತಿತ್ತು. ಒಮ್ಮೆ ಒಬ್ಬ ಅಭ್ಯರ್ಥಿ ವೇದಿಕೆ ಮೇಲೆ ಗಳಗಳನೆ ಅತ್ತ. ಊರೆಲ್ಲ ಕಣ್ಣೊರೆಸಿಕೊಂಡಿತು. ದೊಡ್ಡಪ್ಪ ಎದ್ದು ಕೇಳಿದರು: "ಅಳೋದು ಮುಗೀತಾ? ಚರಂಡಿ ಯಾವಾಗ ಮಾಡಿಸ್ತೀಯಪ್ಪಾ?"

ದೊಡ್ಡಮ್ಮ ಆತನಿಗೇ ಓಟು ಹಾಕಿ ಬಂದರು.

"ಅವನೇನು ಮಾಡವ್ನೆ ಅಂತ?"

"ಕಾಲು ಮುಟ್ಟಿ ನಮಸ್ಕಾರ ಮಾಡಿದ ಕಣ್ರೀ."

"ನಾಳೆ ನಮ್ಮ ಕರು ಬಂದು ಕಾಲು ನೆಕ್ಕುತ್ತೆ. ಅದಕ್ಕೂ ಹಾಕ್ತೀಯಾ?"

"ಹಾಕ್ತೀನಿ! ಅದೇನು ನಿಮ್ಮಂಗೆ ಮಾರ್ಕ್ಸ್ ಕೊಡಲ್ವಲ್ಲ!"

ಆ ಸೋಮವಾರ ಡೈರಿ ಅಧ್ಯಕ್ಷರ ಆಯ್ಕೆ. ನಮ್ಮಲ್ಲಿ ಎಲ್ಲರೂ ಹಾಲು ಹಾಕಿದ ಮೇಲೆ, ಅಲ್ಲೇ ಕೈ ಎತ್ತಿಸಿ ಮುಗಿಸುತ್ತಾರೆ. ನಿಂತವರು ಇಬ್ಬರು. ಯಾರ ಹಸುವಿಗೆ ಕಾಯಿಲೆಯಾದರೂ ಡಾಕ್ಟರನ್ನು ಕರೆತಂದೇ ತೀರುವ ರತ್ನಮ್ಮ. ಮತ್ತೆ ದೊಡ್ಡಪ್ಪನ ಒಡಹುಟ್ಟಿದ ತಮ್ಮ, ನನ್ನ ಚಿಕ್ಕಪ್ಪ. ಗೆದ್ದೇ ಗೆಲ್ಲುತ್ತೇನೆಂದು ಚಿಕ್ಕಪ್ಪ ಹೊಸ ಬಿಳಿ ಷರ್ಟು ಹೊಲಿಸಿದ್ದರು. ಹಿಂದಿನ ದಿನ ಅವರ ಮನೆಯಲ್ಲಿ ಬೋಂಡ ತಿಂದವರು ಒಬ್ಬರೇ ಇಬ್ಬರೇ? ಅಣ್ಣನ ನೋಟ್‌ಬುಕ್ಕಿನಲ್ಲಿ ಮಾತ್ರ ಅವರಿಗೆ ಮೂರು, ರತ್ನಮ್ಮನಿಗೆ ಎಂಟು.

"ರತ್ನಮ್ಮನಿಗೆ ಎತ್ತಿ" ಎಂದರು ಕಾರ್ಯದರ್ಶಿ. ಮೊದಲು ಎದ್ದದ್ದು ದೊಡ್ಡಪ್ಪನ ಕೈ. ಆಮೇಲೆ ಒಂದೊಂದಾಗಿ ಉಳಿದವರೆಲ್ಲರದು. ಬೋಂಡ ತಿಂದ ಕೈಗಳೂ!

"ಇನ್ನೊಬ್ಬರಿಗೆ?"

ಒಂದೂ ಏಳಲಿಲ್ಲ. ಚಿಕ್ಕಪ್ಪ ತಮ್ಮ ಕೈಯನ್ನೂ ಎತ್ತಲಾರದೆ ಚಪ್ಪಲಿ ನೋಡುತ್ತ ನಿಂತರು. ಹಿಂದೆ ಯಾರೋ ಕಿಸಕ್ಕೆಂದರು. ಆಗ ದೊಡ್ಡಪ್ಪ ಮತ್ತೆ ಕೈ ಎತ್ತಿದರು.

"ಎರಡು ಸಲ ಎತ್ತಂಗಿಲ್ಲ ಸ್ವಾಮಿ."

"ಲೆಕ್ಕಕ್ಕೆ ಹಿಡೀಬೇಡ ಕಣಪ್ಪಾ. ನನ್ನ ಓಟು ರತ್ನಮ್ಮಂಗೇ. ಇದು ಸುಮ್ನೆ... ಅವನು ಒಬ್ನೇ ನಿಂತವ್ನೆ."

ಕಾರ್ಯದರ್ಶಿ ಸೊನ್ನೆ ಎಂದು ಬರೆದುಕೊಂಡರು. ಚಿಕ್ಕಪ್ಪ ತಲೆ ಎತ್ತಿ ನೋಡುವವರೆಗೂ ಆ ಕೈ ಇಳಿಯಲಿಲ್ಲ.

ದೊಡ್ಡಪ್ಪ ಈಗಿಲ್ಲ. ಆ ಕಾರ್ಯದರ್ಶಿಯೂ ಇಲ್ಲ. ಕಿಟಕಿಯ ಹತ್ತಿರ ನಿಂತು ಕಂಡವರಲ್ಲಿ ಉಳಿದಿರುವುದು ನಾನು, ರತ್ನಮ್ಮ, ಚಿಕ್ಕಪ್ಪ. ಅನುಮಾನವಿದ್ದರೆ ರತ್ನಮ್ಮನನ್ನು ಕೇಳಿ. ಚಿಕ್ಕಪ್ಪನನ್ನು ಕೇಳಬೇಡಿ, ಅವರು ಹೇಳಲು ಶುರುಮಾಡುತ್ತಾರೆ, ಮುಗಿಸಲು ಆಗುವುದಿಲ್ಲ.