ಎಣ್ಣೆ ಲೈನು

ತಪ್ಪು ಚಂದ್ರಶೇಖರನದಲ್ಲ, ಅವನ ದನಿಯದು.

ಅಪ್ಪನ ಕಾಲದ ಜೀಪಿನ ಎಂಜಿನ್ ಬಿಚ್ಚಿ ಎರಡು ವರ್ಷವಾಗಿತ್ತು. ಇವತ್ತು ಸಂಜೆಯೊಳಗೆ ಓಡದಿದ್ದರೆ ಗುಜರಿಗೆ ಎಂದು ಹೆಂಡತಿ ಕುಸುಮಾ ಹೇಳಿಬಿಟ್ಟಿದ್ದಳು. ಉಳಿದದ್ದು ಎಂಜಿನ್ನಿಗೆ ಆಯಿಲ್ ಒಯ್ಯುವ ತಾಮ್ರದ ಪೈಪು ಮಾತ್ರ. ಪಕ್ಕದ ತೋಟದ ಗುರುವಯ್ಯ ನಿನ್ನೆ ತಾನಾಗಿಯೇ ಒಂದು ಸುರುಳಿ ತಂದುಕೊಟ್ಟಿದ್ದ. "ಸದ್ಯ ನಿನ್ನ ಹತ್ರಾನೇ ಇರ್ಲಿ ಮಾರಾಯ."

ಪೈಪನ್ನು ಊದಿದಾಗ ಹುಳಿತ ಬೆಲ್ಲದ ವಾಸನೆ ಬಂತು. ಚಂದ್ರಶೇಖರ ಯೋಚಿಸಲಿಲ್ಲ. ಜೀಪಿನಡಿಯಿಂದಲೇ ಕೂಗಿದ: "ಕುಸುಮಾ, ಎಣ್ಣೆ ಲೈನ್ ಹಾಕ್ತಿದೀನಿ! ಧೂಳು ಬೀಳುತ್ತೆ, ಯಾರನ್ನೂ ಒಳಗೆ ಬಿಡ್ಬೇಡ!"

ಬೇಲಿಯಾಚೆ ಕೂಲಿಯವರ ಸಾಲುಮನೆ. ಎಸ್ಟೇಟಿನವರ ಬಾಯಲ್ಲಿ ಅದೇ 'ಲೈನು'. ಅಲ್ಲಿನ ನಂಜಮ್ಮ ಕಳ್ಳಭಟ್ಟಿಯ ವಿರುದ್ಧ ಹೆಂಗಸರ ಸಂಘ ಕಟ್ಟಿದ್ದವಳು. ಅವಳಿಗೆ ಕೇಳಿಸಿದ್ದು ಎರಡೇ ಮಾತು: ಎಣ್ಣೆ, ಲೈನು.

ಸ್ವಲ್ಪ ಹೊತ್ತಿಗೆ ಜೀಪಿನ ಸುತ್ತ ಪೊರಕೆಗಳು ನಿಂತವು, ಎಲ್ಲಕ್ಕೂ ಮುಂದೆ ನಂಜಮ್ಮ.

"ಅಯ್ಯ, ನೀವೂನಾ? ನಮ್ಮ ಲೈನಿಗೆ ಎಣ್ಣೆ ಹಂಚ್ತೀರಾ?"

"ಎಂಜಿನ್ ಎಣ್ಣೆ ಕಣಮ್ಮ!"

"ತಾಮ್ರದ ಪೈಪು ಯಾಕೆ ಮತ್ತೆ?"

"ಎಣ್ಣೆ ಹರಿಯೋಕೆ!"

"ನೋಡ್ರೇ, ಅವ್ರೇ ಒಪ್ಕೊಂಡ್ರು!"

ಚಂದ್ರಶೇಖರನ ಮುಖ ಸಿಪ್ಪೆ ಸುಲಿಯುವ ಪಲ್ಪರಿಗೆ ಬಿದ್ದ ಕಾಫಿ ಹಣ್ಣಿನಂತಾಯಿತು. ವಾದಿಸಿ ಫಲವಿಲ್ಲ. ವಾಷರ್ ಇಟ್ಟು ಪೈಪಿನ ಎರಡೂ ತುದಿ ಬಿಗಿದ. "ಹಿಂದಿನಿಂದ ತಳ್ಳಿ. ಓಡದಿದ್ರೆ ಪೊರಕೆ ಎತ್ತಿ."

ಅವನು ಸೀಟಿಗೆ ಹತ್ತಿದ, ಅವರು ತಳ್ಳಿದರು. ಎಂಜಿನ್ ಕೆಮ್ಮಿತು, ಉಗುಳಿತು, ಎರಡು ವರ್ಷ ನುಂಗಿಕೊಂಡಿದ್ದ ಮಾತನ್ನೆಲ್ಲ ಒಮ್ಮೆಲೇ ಆಡತೊಡಗಿತು. ಆಯಿಲ್ ಮೀಟರಿನ ಮುಳ್ಳು, ನೆಂಟರನ್ನು ಕಂಡ ಅಜ್ಜನಂತೆ, ನಿಧಾನ ಎದ್ದಿತು. ಒಂದು ಹನಿಯೂ ಸೋರಲಿಲ್ಲ. ಜಗುಲಿಯಲ್ಲಿ ಕುಸುಮಾ ನಕ್ಕಳು. ಜೀಪಿನ ಹಿಂದೆ ಏದುಸಿರು ಬಿಡುತ್ತ ನಂಜಮ್ಮ, "ತಪ್ಪಾಯ್ತು ಅಯ್ಯ" ಎನ್ನುವಷ್ಟರಲ್ಲಿ ಎದುರಿನ ಗೇಟಿನಿಂದ ಗುರುವಯ್ಯ ಬಂದ. ಹಿಂದಿದ್ದ ಹೆಂಗಸರು ಅವನಿಗೆ ಕಾಣಲಿಲ್ಲ.

ಚಂದ್ರಶೇಖರನ ಕಿವಿಯಲ್ಲಿ ಏನೋ ಪಿಸುಗುಟ್ಟಿದ.

"ಕೇಳ್ಸಲ್ಲ, ಎಂಜಿನ್ ಸದ್ದು!"

ಗುರುವಯ್ಯ ಗಂಟಲು ಹರಿಯುವಂತೆ ಕೂಗಿದ: "ಹೆಂಗಸ್ರ ಗಲಾಟೆ ತಣ್ಣಗಾಯ್ತಂತೆ! ನನ್ನ ಭಟ್ಟಿ ಪೈಪು ವಾಪಸ್ ಕೊಡು ಮಾರಾಯ!"

ಅದೇ ಗಳಿಗೆಗೆ ಎಂಜಿನ್ ನಿಂತಿತು. ಜೀಪಿನ ಹಿಂದಿನಿಂದ ಪೊರಕೆಗಳು ಮೇಲೆದ್ದವು.

ಗುರುವಯ್ಯ ಬಂದ ದಾರಿಯಲ್ಲೇ ಓಡಿದ, ಪೊರಕೆಗಳು ಹಿಂದೆ ಓಡಿದವು. ನಂಜಮ್ಮ ಮಾತ್ರ ಉಳಿದು ಕೈ ಚಾಚಿದಳು. "ಸಾಕ್ಷಿಗೆ ಬೇಕು. ಬಿಚ್ಚಿ ಕೊಡಿ ಅಯ್ಯ."

ಚಂದ್ರಶೇಖರ ಮತ್ತೆ ಜೀಪಿನಡಿ ತೂರಿದ. ಕುಸುಮಾ ಬಗ್ಗಿ ಹೇಳಿದಳು: "ಗುಜರಿಯವನಿಗೆ ಬೇಡ ಅಂತೀನಿ. ಓಡಿದ್ದು ನಾನೂ ಕೇಳಿದೆ. ಪೈಪು ಅಂಗಡೀಲಿ ತಗೊಳ್ಳಿ. ಇನ್ನಾದ್ರೂ ಮೆತ್ತಗೆ ಮಾತಾಡಿ."

ಅವನ ಎದೆ ತುಂಬಿಬಂತು. ಅಷ್ಟರಲ್ಲಿ ನಟ್ಟು ಸಡಿಲಿತು.

"ಕುಸುಮಾ, ಎಣ್ಣೆ ಬರ್ತಿದೆ! ಬೇಗ ಲೋಟ ತಾ!"

ಬೇಲಿಯಾಚೆ, ಕೆಲಸ ಮುಗಿಸಿ ಬರುತ್ತಿದ್ದ ಗಂಡಸರ ಹೆಜ್ಜೆ ತಟ್ಟನೆ ನಿಂತಿತು.