ಸಾರಿನಲ್ಲಿ ಬೆಂದ ಸೆನ್ಸರ್

ನನ್ನ ನಾದಿನಿಗೆ ಮನುಷ್ಯರೆಂದರೆ ಪ್ರಾಣ. ಆದರೆ ಆ ಪ್ರೀತಿಯೆಲ್ಲ ಚರ್ಮದ ಒಳಗಡೆಗೆ ಮಾತ್ರ! ಹೊರಗಿರುವ ಮುಖ, ಮೂಗು, ಹೊಸ ಸೀರೆ ಯಾವುದೂ ಅವಳ ಕಣ್ಣಿಗೆ ಬೀಳುವುದಿಲ್ಲ. ನನ್ನನ್ನು ನೋಡಲು ಬಂದ ದಿನ ಗಂಡಿನ ಕಡೆಯವರೆಲ್ಲ ನನ್ನ ಮುಖ ನೋಡುತ್ತಿದ್ದರೆ, ಇವಳು ಪಕ್ಕದಲ್ಲಿ ಕೂರಿಸಿಕೊಂಡು ತೋಳು ಹಿಂಡಿದಳು. "ಇಲ್ಲಿ ಜಾಗ ಚೆನ್ನಾಗಿದೆ" ಅಂದಳು. ವಂಕಿ ಮಾಡಿಸೋಕೆ ಅಳತೆ ತಗೊಂಡರು ಅಂತ ನಮ್ಮಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದಳು. ಆ ವಂಕಿ ಎಲ್ಲಿ ಅಂತ ಈಗಲೂ ಕೇಳುತ್ತಾಳೆ!

ವಂಕಿಯಲ್ಲ, ಸೆನ್ಸರ್. ಚಿಕ್ಕಬಳ್ಳಾಪುರದಾಚೆಯ ಒಂದು ಪ್ರಯೋಗಾಲಯದಲ್ಲಿ ನಾದಿನಿ ಮಾಡುವ ಕೆಲಸ ಅದು. ತೋಳಿನ ಚರ್ಮದ ಕೆಳಗೆ ಇಡುವ, ಅಕ್ಕಿಕಾಳಿನಷ್ಟು ಗಾತ್ರದ ವಸ್ತು. ಒಳಗೇ ಕೂತು, ರಕ್ತದಲ್ಲಿ ಸಕ್ಕರೆ ಎಷ್ಟಿದೆ ಅಂತ ಹಗಲೂ ರಾತ್ರಿ ಫೋನಿಗೆ ಚಾಡಿ ಹೇಳಬೇಕಂತೆ. "ಚಾಡಿ ಹೇಳೋಕೆ ನಮ್ಮನೇಲಿ ನೀನೊಬ್ಬಳು ಸಾಲದೇನಮ್ಮ?" ಅಂದೆ. ಅವಳಿಗೆ ತಮಾಷೆ ಅರ್ಥವಾಗುವುದಿಲ್ಲ, ಪುಣ್ಯ!

ಇದೆಲ್ಲ ನಮ್ಮತ್ತೆಗಾಗಿ. ಸಾದಲಿ ಕಡೆ ನಮ್ಮದು ರೇಷ್ಮೆ ಹುಳ ಸಾಕುವ ಮನೆ. ಹುಳಕ್ಕೆ ಸೊಪ್ಪು ಹಾಕದೆ ತಾವು ಬಾಯಿಗೆ ತುತ್ತಿಡಬಾರದು ಅನ್ನುವುದು ಅತ್ತೆಯ ನೇಮ. ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಎದ್ದ ಕೂಡಲೇ ನುಂಗುವುದೂ ನೇಮವೇ! ಒಂದು ಬೆಳಿಗ್ಗೆ ಹುಳುಮನೆಗೆ ಹೋಗಿ ನೋಡಿದರೆ, ಸೊಪ್ಪಿನ ರಾಶಿಗೆ ಒರಗಿ ಬೆವರುತ್ತಾ ಕುಸಿದಿದ್ದರು. ಬೆಲ್ಲದ ನೀರು ಗುಟುಕು ಗುಟುಕಾಗಿ ಕುಡಿಸುವಷ್ಟರಲ್ಲಿ ನನ್ನ ಜೀವ ಬಾಯಿಗೆ ಬಂದಿತ್ತು. ಚೇತರಿಸಿಕೊಂಡವರು ಕೇಳಿದ್ದೇನು ಗೊತ್ತೇ? "ಕೊನೇ ತಟ್ಟೆಗೆ ಸೊಪ್ಪು ಹಾಕಿದ್ಯೇನಮ್ಮ?"

ಅವತ್ತಿನಿಂದ ನಾದಿನಿಗೆ ಅವಸರ ಹತ್ತಿತು. ಮೈಯೊಳಗೆ ಹೊರಗಿನ ವಸ್ತು ಬಂದರೆ ದೇಹ ಮುನಿಸಿಕೊಳ್ಳುತ್ತಂತೆ, ಮೇಲೆ ರೇಷ್ಮೆಯ ಲೇಪ ಇದ್ದರೆ ಅಷ್ಟಾಗಿ ತಕರಾರು ಮಾಡುವುದಿಲ್ಲವಂತೆ. ರೇಷ್ಮೆಗೆ ಯಾವ ಹೆಂಗಸಿನ ದೇಹ ತಕರಾರು ಮಾಡೀತು! ನಮ್ಮ ಹುಳ ಇನ್ನೂ ಸೊಪ್ಪು ತಿನ್ನುತ್ತಿದ್ದವು, ಹಾಗಾಗಿ ಗೂಡಿಗಾಗಿ ಶಿಡ್ಲಘಟ್ಟದ ಮಾರುಕಟ್ಟೆಗೆ ನನ್ನನ್ನೂ ಎಳೆದುಕೊಂಡು ಹೋದಳು.

"ಎಷ್ಟು ಕೆಜಿ ಬೇಕಮ್ಮ?" ಅಂದರು ಅಲ್ಲಿದ್ದ ಯಜಮಾನರೊಬ್ಬರು.

"ಒಂದು ಹಿಡಿ."

"ಹಿಡಿ ಗೂಡಲ್ಲಿ ಏನು ನೇಯ್ತೀಯಮ್ಮ?"

"ಅಕ್ಕಿಕಾಳಿಗೆ ಅಂಗಿ."

ಅವರು ನನ್ನ ಕಡೆ ಬಾಗಿ, "ಅಯ್ಯೋ ಪಾಪಂ, ಎಷ್ಟು ದಿನದಿಂದ ಹಿಂಗೆ?" ಅಂದರು. ಗೂಡನ್ನು ಪುಕ್ಕಟೆಯಾಗಿ ಕೊಟ್ಟರು.

ಆಮೇಲಿನ ಭಾನುವಾರ ಕೆಲಸವನ್ನು ನನ್ನ ಅಡುಗೆಮನೆಗೇ ತಂದಳು. ಒಲೆಯ ಪಕ್ಕದಲ್ಲಿ ಬೆಚ್ಚಗಿನ ಉಪ್ಪುನೀರಿನ ಪಾತ್ರೆ ಕಂಡಿತು. ಯಾರೋ ಪುಣ್ಯಾತ್ಮರು ಸಾರಿಗೆ ನೀರಿಟ್ಟಿದ್ದಾರೆ ಅಂತ ಬೇಳೆ, ಹುಣಸೆ, ಖಾರದಪುಡಿ ಹಾಕಿ ಕುದಿಸಿದೆ. ನಾದಿನಿ ಚೀರಿದಳು: "ಅತ್ತಿಗೆ! ಅದು ಸಾರಲ್ಲ, ದೇಹ! ಮೈಯೊಳಗಿನ ಹಾಗೇ ಇರಲಿ ಅಂತ ಉಪ್ಪುನೀರಲ್ಲಿ ಸೆನ್ಸರ್ ಇಟ್ಟಿದ್ದೆ!" ಸೌಟಿನಿಂದ ತಡಕಿ ಸೆನ್ಸರ್ ಹೊರತೆಗೆದು, ತೊಳೆದು, ತಂತಿ ಸಿಕ್ಕಿಸಿ ನೋಡಿದಳು. ಏನೂ ಆಗಿರಲಿಲ್ಲ! "ನಿಮ್ಮ ಸಾರಲ್ಲೇ ಬದುಕಿದ ಮೇಲೆ ಮನುಷ್ಯರ ಮೈಯಲ್ಲಿ ಬದುಕೋದೇನು ಮಹಾ?" ಅಂದಳು. ಅವಳು ತಮಾಷೆ ಮಾಡಿದ್ದಲ್ಲ, ಅದೇ ನನಗೆ ಬೇಜಾರು.

ಆದರೂ ಅದು ಮನುಷ್ಯರ ಮೈ ಸೇರಲು ಇನ್ನೂ ಎಷ್ಟೋ ಪರೀಕ್ಷೆ, ಒಪ್ಪಿಗೆ ಆಗಬೇಕು. "ಅಷ್ಟರಲ್ಲಿ ನಾನಿರ್ತೀನೇನೇ?" ಅಂದರು ಅತ್ತೆ. ಮರುದಿನ ನಾದಿನಿ ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಬಿಲ್ಲೆಯಂಥ ಸೆನ್ಸರ್ ತಂದು ಅಮ್ಮನ ತೋಳಿಗೆ ಅಂಟಿಸಿದಳು. ಸಕ್ಕರೆ ಇಳಿದರೆ, ಪ್ರಯೋಗಾಲಯದ ಹಾಸ್ಟೆಲಿನಲ್ಲಿರುವ ಅವಳ ಫೋನು ಕೂಗುತ್ತದೆ. ತಕ್ಷಣ ಇಲ್ಲಿಗೆ ಫೋನು: "ಅಮ್ಮ, ಅರವತ್ತೆಂಟು. ಬೆಲ್ಲ ತಿನ್ನು." ಅಷ್ಟೇ, ಕಟ್! ಹೆತ್ತ ತಾಯಿಯ ಜೊತೆ ಬರೀ ಅಂಕಿಯಲ್ಲಿ ಮಾತಾಡುವವರನ್ನು ನೀವೆಲ್ಲಾದರೂ ಕಂಡಿದ್ದೀರಾ?

ತಿಂಡಿ ಮುಂದಿಟ್ಟರೂ ಬೆಳಿಗ್ಗೆ ಸಕ್ಕರೆ ಇಳಿಯುವುದು ಮಾತ್ರ ನಿಲ್ಲಲಿಲ್ಲ. ಹುಳಕ್ಕೆ ಸೊಪ್ಪು ಹಾಕದೆ ತಿನ್ನೋರಲ್ಲವಲ್ಲ ಅಂದುಕೊಂಡೆ. ಅಷ್ಟರಲ್ಲಿ ಹುಳ ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆ ಅನ್ನುವ ಬಿದಿರಿನ ತಟ್ಟಿ ಹತ್ತಿದವು. ಆಮೇಲೆ ಅವು ಎಲೆ ಮುಟ್ಟುವುದಿಲ್ಲ. ಅವತ್ತೂ ಇಡ್ಲಿ ಹಾಗೇ ಇತ್ತು, ಅತ್ತೆ ಮಡಿಲಲ್ಲಿ ಫೋನಿಟ್ಟುಕೊಂಡು ಕೂತಿದ್ದರು.

"ಇವತ್ತು ಯಾರಿಗೆ ಸೊಪ್ಪು ಹಾಕಬೇಕಿತ್ತು ಅತ್ತೆ?"

"ಇನ್ನೊಂಚೂರು ಇಳೀಲಿ ಇರಮ್ಮ" ಅಂದರು ಮೆಲ್ಲಗೆ. "ಇಳಿದ್ರೇನೆ ಅವಳು ಫೋನ್ ಮಾಡೋದು."

ಸಿಟ್ಟೂ ಬಂತು, ಅಳುವೂ ಬಂತು. ಮೊದಲು ಇಡ್ಲಿ ತಿನ್ನಿಸಿದೆ. ಆಮೇಲೆ ಹಿತ್ತಲಿಗೆ ಹೋಗಿ ನಾದಿನಿಗೆ ಎಲ್ಲ ಹೇಳಿದೆ. ಅವತ್ತು ಅವಳು ಅಂಕಿ ಹೇಳಲಿಲ್ಲ, ಅಮ್ಮ ತಿಂಡಿಗೆ ಕೂರುವುದು ಎಷ್ಟು ಹೊತ್ತಿಗೆ ಅಂತ ಕೇಳಿದಳು.

ಮರುದಿನ ಉಪ್ಪಿಟ್ಟು ಬಡಿಸುತ್ತಿದ್ದಂತೆ ಫೋನು ಬಂತು. ಅತ್ತೆ ಗಾಬರಿಯಾದರು. "ಇನ್ನೂ ಇಳಿದೇ ಇಲ್ಲವಲ್ಲೇ!"

"ಇಳಿದಿಲ್ಲಮ್ಮ, ಸರಿಯಾಗಿದೆ. ಸುಮ್ನೆ ಮಾಡ್ದೆ. ತಿಂಡಿ ಏನು?"

"ಉಪ್ಪಿಟ್ಟು ಕಣೇ."

"ಅತ್ತಿಗೆ ಮಾಡಿದ್ದಾ? ಹಂಗಾದ್ರೆ ನಿಧಾನಕ್ಕೆ ತಿನ್ನು. ಮುಗಿಯೋವರೆಗೂ ಮಾತಾಡ್ತಿರ್ತೀನಿ."

ನನ್ನ ಉಪ್ಪಿಟ್ಟಿಗೆ ಆದ ಅವಮಾನ ನನಗೆ ತಟ್ಟಲೇ ಇಲ್ಲ. ಪ್ರಯೋಗಾಲಯದ ಬೆಕ್ಕಿನಿಂದ ಹಿಡಿದು ಹಾಸ್ಟೆಲಿನ ಸಾಂಬಾರಿನವರೆಗೆ ಅವಳು ಹೇಳುತ್ತಲೇ ಇದ್ದಳು, ಅತ್ತೆ ನಗುತ್ತಾ ತಿನ್ನುತ್ತಲೇ ಇದ್ದರು.

"ಮುಗೀತೇನಮ್ಮ?"

ಅತ್ತೆ ಖಾಲಿ ತಟ್ಟೆ ನೋಡಿದರು. ನನ್ನನ್ನೂ ನೋಡಿದರು.

"ಇನ್ನೊಂಚೂರಿದೆ ಕಣೇ" ಅಂದರು.

ನಾನು ಸದ್ದು ಮಾಡದೆ ಇನ್ನೊಂದು ಸೌಟು ಬಡಿಸಿದೆ.