ಕಪಾಟಿನೊಳಗಿನ ಸಂಗೀತ ನಿರ್ದೇಶಕ

ಸಂಗೀತ ಕಲಿಯಲು ವರ್ಷಗಟ್ಟಲೆ ಬೇಕು ಎಂದು ಹೇಳುವವರು ಸಂಗೀತಗಾರರು. ಅವರು ಹಾಗೆ ಹೇಳಲೇಬೇಕು, ಅವರ ಹೊಟ್ಟೆಪಾಡು. ನಾನು ನೋಡಿದ ವಿಡಿಯೋದಲ್ಲಿ ನೇರಳೆ ದೀಪದ ಕೋಣೆಯಲ್ಲಿ ಕುಳಿತ ಹುಡುಗನೊಬ್ಬ, ಒಂದು ಲ್ಯಾಪ್‌ಟಾಪ್ ಇದ್ದರೆ ಇಡೀ ಆರ್ಕೆಸ್ಟ್ರಾ ಮನೆಯಲ್ಲೇ ತಯಾರು ಎಂದು ತೋರಿಸಿಕೊಟ್ಟ. ಅವನು ಚಹಾ ಕುಡಿದು ಮುಗಿಸುವಷ್ಟರಲ್ಲಿ ಹಾಡು ಸಿದ್ಧ! ನನ್ನ ಬಳಿ ಲ್ಯಾಪ್‌ಟಾಪ್ ಇತ್ತು. ಚಹಾ ಕೂಡ ಇತ್ತು.

ಹೀಗೆ ಸಕಲ ಸಿದ್ಧತೆಯೊಂದಿಗೆ ನಾನು ಭಾಂಡುಪಿನ ನಮ್ಮ ಫ್ಲ್ಯಾಟಿನಲ್ಲಿ ಅವಕಾಶಕ್ಕಾಗಿ ಕಾಯುತ್ತಿದ್ದೆ. ಅವಕಾಶವು ಒಂದು ಶುಕ್ರವಾರ ಸಂಜೆ ಬಾಗಿಲ ಹೊರಗೆ ಚಪ್ಪಲಿ ಕಳಚಿ ತಾನಾಗಿ ಒಳಗೆ ಬಂತು.

ಶುಕ್ರವಾರ ನಮ್ಮ ಮನೆಯಲ್ಲಿ ಹೆಂಗಸರ ಭಜನಾ ಮಂಡಳಿ ಸೇರುತ್ತದೆ. ನನ್ನ ಹೆಂಡತಿ ಸುಮಿತ್ರಾ ಅದರ ಹಳೆಯ ಸದಸ್ಯೆ. ಮಂಡಳಿಯ ಮುಖ್ಯಸ್ಥೆ ಇಂದಿರಕ್ಕ, ಉಡುಪಿ ಕಡೆಯವರು. ಅವರ ಯಜಮಾನರು ಗ್ರಾಂಟ್ ರೋಡಿನಲ್ಲಿ ಬಹಳ ಕಾಲ ಹೋಟೆಲು ನಡೆಸಿದವರು. ಇಂದಿರಕ್ಕನಿಗೆ ಎಪ್ಪತ್ತು ದಾಟಿದೆ, ಕಿವಿ ಸ್ವಲ್ಪ ಮಂದ. ಕಣ್ಣು ಮುಚ್ಚಿ ಹಾಡಲು ಶುರುಮಾಡಿದರೆ ಕಣ್ಣು ತೆರೆಯುವುದು ಮಂಗಳಕ್ಕೇ.

ಆ ಸಂಜೆ ಮಂಡಳಿಯಲ್ಲಿ ಕಳವಳ. ಮಲಾಡಿನ ಕನ್ನಡ ಸಂಘದಲ್ಲಿ ಭಜನಾ ಸ್ಪರ್ಧೆ ಇತ್ತು. ಹಾರ್ಮೋನಿಯಂ ಬಾರಿಸುವ ಕುಸುಮಕ್ಕ ಮಗಳ ಬಾಣಂತನಕ್ಕೆಂದು ಪುಣೆಗೆ ಹೊರಟು ನಿಂತಿದ್ದರು.

"ಹಾರ್ಮೋನಿಯಂ ಇಲ್ಲದೆ ಎಂಥ ಸ್ಪರ್ಧೆ ಮಾರಾಯ್ತಿ?" ಎಂದರು ಇಂದಿರಕ್ಕ.

"ಪೇಟಿ ಬಾರಿಸೋರನ್ನ ಇಷ್ಟ್ರಾಗ ಎಲ್ಲಿಂದ ತರೋದು?" ಎಂದಳು ಸುಮಿತ್ರಾ. ಅವಳ ಮುಖ ಬಾಡಿತ್ತು. ವರ್ಷಗಟ್ಟಲೆ ಹಿಂದಿನ ಸಾಲಿನಲ್ಲಿ ಕುಳಿತು ತಾಳ ಕುಟ್ಟಿದ ಮೇಲೆ, ಈ ಸಲ ಎರಡನೆಯ ಚರಣವನ್ನು ಒಬ್ಬಳೇ ಹಾಡುವ ಅವಕಾಶ ಅವಳಿಗೆ ಸಿಕ್ಕಿತ್ತು. ರೊಟ್ಟಿ ಬಡಿಯುವಾಗ, ಬಟ್ಟೆ ಒಣಹಾಕುವಾಗ, ಲೋಕಲ್‌ನಲ್ಲಿ ಸೀಟು ಸಿಗದೆ ನೇತಾಡುವಾಗ, ಅವಳ ಬಾಯಲ್ಲಿ ಅದೇ ಚರಣ.

ನಾನು ಅವಲಕ್ಕಿಯ ತಟ್ಟೆ ಹಿಡಿದು ಅಡುಗೆಮನೆಯಿಂದ ಹೊರಬಂದು ಘೋಷಿಸಿದೆ: "ಪೇಟಿ ಒಂದೇ ಯಾಕ? ಪೇಟಿ, ತಬಲಾ, ಕೊಳಲು, ತಂಬೂರಿ ಎಲ್ಲಾ ನಾ ಲ್ಯಾಪ್‌ಟಾಪ್‌ನ್ಯಾಗ ಮಾಡಿ ಕೊಡ್ತೀನಿ!"

ಮಂಡಳಿ ಚಪ್ಪಾಳೆ ತಟ್ಟಿತು. "ದೇಸಾಯ್ರಿಗೆ ಇದೆಲ್ಲ ಬರ್ತದಾ!" ಎಂದು ಇಂದಿರಕ್ಕ ಬೆರಗಾದರು. ಸುಮಿತ್ರಾ ಚಪ್ಪಾಳೆ ತಟ್ಟಲಿಲ್ಲ. ಅವಳು ನನ್ನೊಡನೆ ಬಹಳ ವರ್ಷದಿಂದ ಸಂಸಾರ ಮಾಡುತ್ತಿದ್ದಾಳೆ.

ಮರುದಿನವೇ ಕಾರ್ಯಾರಂಭ. ಲ್ಯಾಪ್‌ಟಾಪಿಗೆ ಸಂಗೀತದ ಸಾಫ್ಟ್‌ವೇರ್ ಇಳಿಸಿ ತೆರೆದರೆ, ವಿಮಾನ ಹಾರಿಸುವವನ ಮುಂದೆ ಇರುವಷ್ಟು ಗುಂಡಿಗಳು. ಒಂದೊಂದಾಗಿ ಎಲ್ಲವನ್ನೂ ಒತ್ತಿದೆ. ಸದ್ದಿಲ್ಲ. ಊಟದ ಹೊತ್ತಿಗೆ ಗೊತ್ತಾಯಿತು, ಸದ್ದೆಲ್ಲ ಟೀವಿಯ ಪಕ್ಕದಲ್ಲಿರುತ್ತಿದ್ದ ಬ್ಲೂಟೂತ್ ಸ್ಪೀಕರಿಗೆ ಹೋಗುತ್ತಿತ್ತು. ಅದನ್ನು ಹಿಂದಿನ ವಾರ ಪಕ್ಕದ ಮನೆಯವರು ಎರವಲು ಒಯ್ದಿದ್ದರು. ನನ್ನ ಮೊದಲ ರಚನೆಯನ್ನು ನನಗಿಂತ ಮೊದಲು ಕೇಳಿದವರು ಅವರು.

ಆ ಮನೆಯೊಡತಿ ಪಾಟೀಲ ವಹಿನಿ ಸ್ಪೀಕರನ್ನು ಎರಡು ಬೆರಳಲ್ಲಿ ಹಿಡಿದು ತಂದು, "ಭಾವೂಜಿ, ಇದು ತಾನೇ ಕೂಗ್ತದೆ. ಕೆಟ್ಟಿದೆ. ನಾವೇನೂ ಮಾಡಿಲ್ಲ ಹಾಂ!" ಎಂದು ಮರಾಠಿಯಲ್ಲಿ ಹೇಳಿ ಒಪ್ಪಿಸಿ ಹೋದರು.

ಸದ್ದು ಬಂದ ಮೇಲೆ ಇನ್ನೊಂದು ಸಮಸ್ಯೆ. ಒತ್ತಿದ ಸ್ವರ ಒತ್ತಿದಾಗ ಬರುತ್ತಿರಲಿಲ್ಲ. ಮಳೆಗಾಲದ ಲೋಕಲ್ಲಿನಂತೆ ತನಗೆ ತೋಚಿದಾಗ ಬರುತ್ತಿತ್ತು. ನಾನೂ ಅದಕ್ಕೆ ಹೊಂದಿಕೊಂಡು ಸ್ವಲ್ಪ ಮುಂಚಿತವಾಗಿ ಒತ್ತುವ ಕಲೆ ರೂಢಿಸಿಕೊಂಡೆ. ಈ ಪದ್ಧತಿ ನೇರಳೆ ದೀಪದ ಹುಡುಗನಿಗೆ ಗೊತ್ತಿರಲಿಲ್ಲ. ತಾಳ ತಪ್ಪದಿರಲೆಂದು ಟಕ್ ಟಕ್ ಎಂದು ಬಡಿಯುವ ಒಂದು ಗಡಿಯಾರವೂ ಸಾಫ್ಟ್‌ವೇರಿನಲ್ಲಿತ್ತು. ಕಲಿಯುವಾಗ ಅದನ್ನು ಹಚ್ಚಿಕೊಳ್ಳಬೇಕು, ಕೆಲಸ ಮುಗಿದ ಮೇಲೆ ಆರಿಸಬೇಕು ಎಂಬುದು ಅವನ ಸಲಹೆ. ಮೊದಲರ್ಧವನ್ನು ನಾನು ಚಾಚೂ ತಪ್ಪದೆ ಪಾಲಿಸಿದೆ.

ಪೇಟಿ, ತಬಲಾ ಕೂತವು. ಆದರೆ ಕಂಪ್ಯೂಟರಿನ ಕಂಚಿನ ತಾಳ ಮಾತ್ರ ಸ್ಟೀಲಿನ ಡಬ್ಬಿ ಬಿದ್ದಂತೆ ಕೇಳುತ್ತಿತ್ತು. ನಿಜವಾದ ತಾಳವನ್ನೇ ಧ್ವನಿಮುದ್ರಿಸಬೇಕೆಂದು ಮೈಕು ತರಿಸಿದೆ. ಮೈಕಿಗೆ ನಿಶ್ಶಬ್ದ ಬೇಕು. ನಮ್ಮ ಕಟ್ಟಡದ ಒಂದು ಬದಿಗೆ ರೈಲು, ಇನ್ನೊಂದು ಬದಿಗೆ ರಸ್ತೆ, ಮೇಲೆ ಮನೆ ರಿಪೇರಿ. ಬಟ್ಟೆ ತುಂಬಿದ ಕಪಾಟಿನೊಳಗೆ ಒಳ್ಳೆಯ ಸ್ಟುಡಿಯೋ ಅಡಗಿದೆ ಎಂದು ಇನ್ನೊಂದು ವಿಡಿಯೋ ಹೇಳಿತು. ಲ್ಯಾಪ್‌ಟಾಪನ್ನು ಊಟದ ಮೇಜಿನ ಮೇಲಿಟ್ಟು, ಉದ್ದ ವಯರೆಳೆದು, ಮೈಕು, ಹೆಡ್‌ಫೋನು, ತಾಳಗಳ ಸಮೇತ ಸುಮಿತ್ರಾಳ ರೇಷ್ಮೆ ಸೀರೆಗಳ ನಡುವೆ ಕುಳಿತು ಬಾಗಿಲೆಳೆದುಕೊಂಡೆ.

ಒಳಗೆ ಡಾಂಬರು ಗುಳಿಗೆಯ ವಾಸನೆ, ಕತ್ತಲೆ, ಸೆಕೆ. ಕಲೆಗಾಗಿ ಎಲ್ಲವನ್ನೂ ಸಹಿಸಿ ಇಡೀ ಹಾಡಿಗೆ ತಾಳ ಹಾಕಿದೆ. ಆಮೇಲೆ ಬಾಗಿಲು ನೂಕಿದರೆ ತೆರೆಯಲೊಲ್ಲದು! ಆ ಕಪಾಟಿಗೆ ಒಳಗಿನಿಂದ ಹಿಡಿಕೆ ಇರಲಿಲ್ಲ. ಒಳಗಿನಿಂದ ತೆರೆಯುವ ಪ್ರಸಂಗ ಬಂದೀತೆಂದು ಬಡಗಿಗೆ ಯಾರೂ ಹೇಳಿರಲಿಲ್ಲ.

"ಸುಮಿತ್ರಾ! ಏ ಸುಮಿತ್ರಾ!"

ಬಾಗಿಲು ತೆರೆಯಿತು. ತೆರೆದವರು ಮೊಸರಿಗೆ ಹೆಪ್ಪು ಕೇಳಲು ಬಂದಿದ್ದ ಪಾಟೀಲ ವಹಿನಿ. ಬೆವರಿ ತೊಯ್ದ ನಾನು, ತಲೆಗೆ ಹೆಡ್‌ಫೋನು, ಎರಡೂ ಕೈಯಲ್ಲಿ ತಾಳ, ಹೆಗಲ ಮೇಲೆ ಹೆಂಡತಿಯ ಇಳಕಲ್ ಸೀರೆ. ವಹಿನಿ ಹೆಪ್ಪು ತೆಗೆದುಕೊಳ್ಳದೆ ಹೋದರು.

ಧ್ವನಿಮುದ್ರಣವನ್ನು ಕೇಳಿದೆ. ತಾಳ ಎಲ್ಲೋ ದೂರದ ಗುಡಿಯಲ್ಲಿ ಬಾರಿಸಿದಂತಿತ್ತು. ಆದರೆ ಕುಕ್ಕರಿನ ಸೀಟಿ ಸ್ಪಷ್ಟವಾಗಿತ್ತು. ಅದಕ್ಕಿಂತ ಸ್ಪಷ್ಟವಾಗಿ, ಸುಮಿತ್ರಾ ಧಾರವಾಡದ ತನ್ನ ಅಕ್ಕನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು.

"ಇಲ್ಲಬೇ ಅಕ್ಕಾ, ಕುಡಿಯೋದಿಲ್ಲ. ಕುಡಿದಿದ್ರ ಹಂಗಂತ ಹೇಳಬಹುದಿತ್ತು. ಮೈಮ್ಯಾಲ ಎಚ್ಚರ ಇಟಗೊಂಡೇ ಕಪಾಟಿನ್ಯಾಗ ಹೋಗಿ ಕೂತಾರ."

ಹೊಸ ಮೈಕನ್ನು ಲ್ಯಾಪ್‌ಟಾಪಿಗೆ ಚುಚ್ಚಿದ್ದೆನೇ ಹೊರತು, ಅದರಿಂದಲೇ ಧ್ವನಿ ತೆಗೆದುಕೋ ಎಂದು ಹೇಳಿರಲಿಲ್ಲ. ಲ್ಯಾಪ್‌ಟಾಪು ತನ್ನದೇ ಮೈಕಿನಿಂದ, ತನ್ನ ಸುತ್ತಮುತ್ತಲಿನ ಜೀವನವನ್ನು ದಾಖಲಿಸಿತ್ತು. ಧ್ವನಿಯ ಗುಣಮಟ್ಟ ಅತ್ಯುತ್ತಮವಾಗಿತ್ತೆಂದು ಒಪ್ಪಿಕೊಳ್ಳಲೇಬೇಕು.

ತಾಳವನ್ನು ಮಂಡಳಿಯವರ ಕೈಗೇ ಬಿಟ್ಟೆ. ಇನ್ನು ಶ್ರುತಿ. ಪುಣೆಗೆ ಫೋನು ಮಾಡಿ ಕುಸುಮಕ್ಕನನ್ನೇ ಕೇಳಿದೆ. ಅತ್ತ ಕೂಸು ಅಳುತ್ತಿತ್ತು. "ಕರಿ ಎರಡು, ಅಣ್ಣಾ! ಇಂದಿರಕ್ಕನ ದನಿಗೆ ಕರಿ ಎರಡು!" ಎಂದು ಕೂಗಿ ಇಟ್ಟುಬಿಟ್ಟರು. ಅಂದರೆ ಪೇಟಿಯಲ್ಲಿ ಬೆರಳಿಡುವ ಮನೆಗಳಲ್ಲಿ ಎರಡನೆಯ ಕಪ್ಪು ಮನೆ. ಪರದೆಯ ಮೇಲೆ ಕಾಣುತ್ತಿದ್ದ ಮನೆಗಳಲ್ಲಿ ಎಡದಿಂದ ಎಣಿಸಿ ಎರಡನೆಯ ಕಪ್ಪನ್ನು ಹಿಡಿದೆ. ಪರದೆಯಲ್ಲಿ ಮನೆಗಳು ಮೊದಲಿನಿಂದ ಅಲ್ಲ, ನಡುವಿನಿಂದ ಕಾಣುತ್ತಿದ್ದವು ಎಂಬುದು ಮುಂದಿನ ಶುಕ್ರವಾರ ತಾಲೀಮಿನಲ್ಲಿ ಬಯಲಾಯಿತು. ಪಲ್ಲವಿ ಏರುತ್ತಿದ್ದಂತೆ ಮಂಡಳಿಯವರ ಕತ್ತಿನ ನರಗಳೂ ಏರಿದವು. ಕೆಳಗಿನಿಂದ ವಾಚ್‌ಮನ್ ಇಂಟರ್‌ಕಾಮಿನಲ್ಲಿ, "ಸಾಬ್, ಸಬ್ ಠೀಕ್ ಹೈ?" ಎಂದು ಕೇಳಿದ.

"ಕೃಷ್ಣನಿಗೆ ಕಿವಿ ಉಂಟು ದೇಸಾಯ್ರೇ, ಇಷ್ಟು ಬೊಬ್ಬೆ ಹಾಕುವ ಅಗತ್ಯ ಇಲ್ಲ," ಎಂದರು ಇಂದಿರಕ್ಕ.

ಶ್ರುತಿ ಇಳಿಸಿದೆ. ಆಗ ಎದ್ದದ್ದು ನಿಜವಾದ ಕಷ್ಟ. ಹಾಡು ಇಂದಿರಕ್ಕನ ಅತ್ತೆ ಕಟ್ಟಿದ್ದು, ಕೃಷ್ಣನನ್ನು ಕರೆಯುವ ಪದ. ಅದರಲ್ಲಿ 'ಬಾರೋ' ಎಂಬ ಕಡೆ ನಾನು ಲೆಕ್ಕದ ಪ್ರಕಾರ ಒಂದು ಆವರ್ತನ ಇಟ್ಟಿದ್ದೆ. ಇಂದಿರಕ್ಕ 'ಬಾರೋ' ಎಂದು ಕರೆದರೆ ಅವನು ಬರುವವರೆಗೂ ಎಳೆಯುವವರು. ಕೆಲವು ದಿನ ಅವನು ಬೇಗ ಬರುತ್ತಾನೆ, ಕೆಲವು ದಿನ ತಡ. ಕುಸುಮಕ್ಕನ ಪೇಟಿ ಅವರ ಮುಖ ನೋಡಿಕೊಂಡು ಕಾಯುತ್ತಿತ್ತು. ಕಂಪ್ಯೂಟರು ಯಾರ ಮುಖವನ್ನೂ ನೋಡುವುದಿಲ್ಲ.

"ಹೆಂಗ್ರೀ ಈಗ?" ಸುಮಿತ್ರಾ ಕೇಳಿದಳು. "ಇಂದಿರಕ್ಕ ನಿಲ್ಲೂದಿಲ್ಲ, ನಿಮ್ಮ ಯಂತ್ರಾನೂ ನಿಲ್ಲೂದಿಲ್ಲ. ನನ್ನ ಚರಣದ ಗತಿ ಏನು?"

"ಚಿಂತಿ ಬ್ಯಾಡ. ನಾ ಲ್ಯಾಪ್‌ಟಾಪ್ ಹಿಡಕೊಂಡು ಸ್ಟೇಜಿನ ಪಕ್ಕ ಕೂಡ್ತೀನಿ. ಅವರು ಎಳೆಯೋಮುಂದ ಸ್ಪೇಸ್‌ಬಾರ್ ಒತ್ತಿ ನಿಲ್ಲಸ್ತೀನಿ, ಮುಗಿದ ಮ್ಯಾಲ ಮತ್ತ ಒತ್ತಿ ಹಚ್ತೀನಿ."

ಮನೆಯಲ್ಲಿ ಇದು ಅದ್ಭುತವಾಗಿ ನಡೆಯಿತು. ನಾನು ಹೆಬ್ಬೆರಳಿನಿಂದ ಇಡೀ ಆರ್ಕೆಸ್ಟ್ರಾ ನಡೆಸಿದೆ. ಸುಮಿತ್ರಾ ತನ್ನ ಚರಣ ಮುಗಿಸಿ ಮೊದಲ ಬಾರಿಗೆ ನನ್ನ ಕಡೆ ನೋಡಿ ನಕ್ಕಳು. ಆ ನಗುವಿನಿಂದ ಹುರುಪು ಹೆಚ್ಚಾಗಿ ಹಾಡಿನ ಕೊನೆಗೆ ಶಂಖ, ಗಂಟೆ, ನಗಾರಿ ಸೇರಿಸಿದೆ. ಅದರ ಮೇಲೆ, ಸಾಫ್ಟ್‌ವೇರಿನಲ್ಲಿ ಪುಕ್ಕಟೆ ಸಿಕ್ಕಿತೆಂದು, ಸಾವಿರಾರು ಜನರ ಕರತಾಡನವನ್ನೂ ಸೇರಿಸಿದೆ.

ಸ್ಪರ್ಧೆಯ ದಿನ ನಾವೆಲ್ಲ ದಾದರಿನಲ್ಲಿ ಗಾಡಿ ಬದಲಿಸಿ, ಸೀರೆಯ ನೆರಿಗೆ ಮತ್ತು ಲ್ಯಾಪ್‌ಟಾಪ್ ಎರಡನ್ನೂ ಕಾಪಾಡಿಕೊಂಡು ಮಲಾಡಿನ ಸಭಾಗೃಹ ತಲುಪಿದೆವು. ಸೌಂಡಿನ ಮೇಜು ಸಭಾಂಗಣದ ಹಿಂದಿನ ತುದಿಯಲ್ಲಿತ್ತು. ಅಲ್ಲಿದ್ದವನು ನನ್ನ ಲ್ಯಾಪ್‌ಟಾಪನ್ನು ನೋಡಿ, "ಯೇ ನಹೀ ಚಲೇಗಾ ಅಂಕಲ್, ಪೆನ್‌ಡ್ರೈವ್ ದೋ," ಎಂದ.

ಸ್ಪೇಸ್‌ಬಾರಿನ ಮಹತ್ವವನ್ನು ನನಗೆ ಬಂದಷ್ಟು ಹಿಂದಿಯಲ್ಲಿ ವಿವರಿಸಿದೆ. "ಸಬ್ ಪೆನ್‌ಡ್ರೈವ್ ಮೇ ದೇತೇ ಹೈ," ಎಂದು ಅವನು ವಡಾಪಾವ್ ಬಿಚ್ಚಿದ. ಅಷ್ಟರಲ್ಲಿ ನಮ್ಮ ಮಂಡಳಿಯ ಹೆಸರು ಕೂಗಿದರು. ಹೊರಗಿನ ಮೆಟ್ಟಿಲ ಮೇಲೆ ಕುಳಿತು ಹಾಡನ್ನು ಪೆನ್‌ಡ್ರೈವಿಗೆ ಇಳಿಸಿ ಓಡಿ ಬಂದು ಕೊಟ್ಟೆ.

ಹಾಡು ಶುರುವಾಯಿತು. ಮೊದಲು ಕೇಳಿದ್ದು ಪೇಟಿಯಲ್ಲ, ತಬಲವಲ್ಲ. ಟಕ್! ಟಕ್! ಟಕ್! ಟಕ್! ಮನೆಯಲ್ಲಿ ಮಂಡಳಿಯ ತಾಳದ ಸದ್ದಿನಲ್ಲಿ ಮುಚ್ಚಿಹೋಗಿದ್ದ, ನಾನು ಆರಿಸಲು ಮರೆತ ಗಡಿಯಾರ, ಆಳೆತ್ತರದ ಸ್ಪೀಕರುಗಳಲ್ಲಿ! ಯಾರೋ ಸಭಾಗೃಹಕ್ಕೆ ಮೊಳೆ ಹೊಡೆಯುತ್ತಿದ್ದಾರೆಂದು ಮುಂದಿನ ಸಾಲಿನ ಹಿರಿಯರೊಬ್ಬರು ಎದ್ದು ಗೋಡೆ ನೋಡಿದರು.

ಸ್ಪೀಕರುಗಳ ಮುಖ ಪ್ರೇಕ್ಷಕರ ಕಡೆಗಿತ್ತು. ವೇದಿಕೆಗೆ ಕೇಳುತ್ತಿದ್ದದ್ದು ಅಲ್ಪಸ್ವಲ್ಪ. ಇಂದಿರಕ್ಕ ಕಣ್ಣು ಮುಚ್ಚಿದರು, ಪಲ್ಲವಿ ಹಾಡಿದರು, 'ಬಾರೋ' ಎಂದರು. ಅಂದು ಕೃಷ್ಣ ಬಹಳ ದೂರದಲ್ಲಿದ್ದನೆಂದು ಕಾಣುತ್ತದೆ. ಅವರು ಎಳೆಯುತ್ತಲೇ ಇದ್ದರು. ನನ್ನ ಹೆಬ್ಬೆರಳು ಖಾಲಿ ಗಾಳಿಯಲ್ಲಿ ಒತ್ತಿತು, ಒತ್ತಿತು, ಒತ್ತಿತು. ಕಂಪ್ಯೂಟರು ಮುಂದೆ ಹೋಯಿತು. ಎಡಗಡೆ ಕುಳಿತವರು ಕಂಪ್ಯೂಟರಿನ ಜೊತೆ ಹೊರಟರು, ಬಲಗಡೆಯವರು ಇಂದಿರಕ್ಕನ ಜೊತೆ ನಿಂತರು. ಸುಮಿತ್ರಾಳ ಚರಣಕ್ಕೆಂದು ನಾನು ಪ್ರೀತಿಯಿಂದ ಕೂರಿಸಿದ್ದ ಕೊಳಲು ಶುರುವಾಯಿತು. ಅವಳು ಬಾಯಿ ತೆರೆದಳು, ಇಂದಿರಕ್ಕನನ್ನು ನೋಡಿದಳು, ಮುಚ್ಚಿದಳು. ಅವಳ ಚರಣ ಅವಳಿಲ್ಲದೆ ಬಂದು, ಅವಳಿಲ್ಲದೆ ಹೋಯಿತು.

ಮುಂದೆ ಶಂಖ. ಗಂಟೆ. ನಗಾರಿ. ಕೊನೆಗೆ ಸಾವಿರಾರು ಜನರ ಕರತಾಡನ!

ಇಷ್ಟು ಚಪ್ಪಾಳೆ ಬಂದ ಮೇಲೆ ಹಾಡು ಮುಗಿದಿರಲೇಬೇಕೆಂದು ಪ್ರೇಕ್ಷಕರೂ ಚಪ್ಪಾಳೆ ತಟ್ಟಿದರು. ನಿರೂಪಕ ಮೈಕು ಹಿಡಿದು "ಧನ್ಯವಾದಗಳು" ಎಂದ. ಮುಂದಿನ ಮಂಡಳಿಯವರು ಡೋಲಕ್ ಸಮೇತ ಆ ಕಡೆಯ ಮೆಟ್ಟಿಲು ಹತ್ತಿದರು. ಇಂದಿರಕ್ಕ ಇನ್ನೂ ಮೊದಲನೆಯ ಚರಣದಲ್ಲಿದ್ದರು.

ನಾನು ಕಂಬದ ಹಿಂದೆ ಸರಿದೆ. ಅಲ್ಲಿಂದ ಕಂಡದ್ದನ್ನು ಇದ್ದಂತೆ ಹೇಳುತ್ತೇನೆ. ಸುಮಿತ್ರಾ ಎದ್ದು ನಿಂತು ನಿರೂಪಕನಿಗೆ ಕೈ ತೋರಿಸಿ, "ತಡೀರಿ, ಇನ್ನೂ ಮುಗಿದಿಲ್ಲ," ಎಂದಳು. ಮತ್ತೆ ಕುಳಿತು ತಾಳ ಎತ್ತಿಕೊಂಡಳು. ಇಂದಿರಕ್ಕನ ಮುಖ ನೋಡಿಕೊಂಡು ನಿಧಾನವಾಗಿ ಕುಟ್ಟತೊಡಗಿದಳು. ಎಡಗಡೆಯವರು ಆ ತಾಳಕ್ಕೆ ವಾಪಸು ಬಂದರು. ಇಂದಿರಕ್ಕ ಚರಣ ಮುಗಿಸಿ, ಕಣ್ಣು ಮುಚ್ಚಿಯೇ ಸುಮಿತ್ರಾಳ ತೊಡೆ ತಟ್ಟಿದರು. ಅವಳು ಹಾಡಿದಳು. ಪೇಟಿ ಇಲ್ಲ, ಕೊಳಲಿಲ್ಲ, ನಾನಿಲ್ಲ. ಡೋಲಕ್ಕಿನವರು ಮೆಟ್ಟಿಲ ಮೇಲೇ ಕುಳಿತುಬಿಟ್ಟರು. ಅಡುಗೆಮನೆಯಿಂದ ದಿನವೂ ಕೇಳಿಬರುತ್ತಿದ್ದ ಆ ಚರಣವನ್ನು ನಾನು ಪೂರ್ತಿಯಾಗಿ ಕೇಳಿದ್ದು ಅಂದೇ. ಅಲ್ಲಿಯವರೆಗೆ ಕಿವಿಯಲ್ಲಿ ಹೆಡ್‌ಫೋನು ಇತ್ತು, ತಾಲೀಮಿನಲ್ಲಿ ಗಮನವೆಲ್ಲ ಹೆಬ್ಬೆರಳಿನ ಮೇಲಿತ್ತು.

ಬಹುಮಾನ ಬರಲಿಲ್ಲ. ತೀರ್ಪುಗಾರರು ತಮ್ಮ ಮಾತಿನಲ್ಲಿ, "ಭಾಂಡುಪಿನ ಮಂಡಳಿಯ ಎರಡನೆಯ ಚರಣ ಮನಸ್ಸಿಗೆ ತಟ್ಟಿತು. ಅವರ ಪಕ್ಕವಾದ್ಯದ ಬಗ್ಗೆಯೂ ನಾವು ಸುದೀರ್ಘವಾಗಿ ಚರ್ಚಿಸಿದೆವು. ಅದು ಏನೆಂಬ ಬಗ್ಗೆ ಒಮ್ಮತ ಮೂಡಲಿಲ್ಲ," ಎಂದರು.

ಹಿಂತಿರುಗುವಾಗ ದಾದರಿನ ಪ್ಲಾಟ್‌ಫಾರ್ಮಿನಲ್ಲಿ ಸ್ಲೋ ಗಾಡಿಗೆ ಕಾಯುತ್ತ ಬೆಂಚಿನ ಮೇಲೆ ಕುಳಿತಿದ್ದೆವು. ನಾನು ಗಂಟಲು ಸರಿಪಡಿಸಿಕೊಂಡು ಕ್ಷಮೆ ಕೇಳಲು ಸಿದ್ಧನಾದೆ. ಅಷ್ಟರಲ್ಲಿ ಇಂದಿರಕ್ಕ ನನ್ನ ಕಡೆ ವಾಲಿದರು.

"ಅಲ್ಲ ದೇಸಾಯ್ರೇ, ನೀವು ಅಷ್ಟು ದಿನ ಕೂತು ಎಂಥದೋ ಮ್ಯೂಸಿಕ್ ಮಾಡಿದ್ರಲ್ಲ? ಅದನ್ನು ಯಾಕೆ ಇವತ್ತು ಹಾಕಲಿಲ್ಲ?"

ಎಲ್ಲರೂ ನನ್ನ ಕಡೆ ತಿರುಗಿದರು.

"ಹಾಕಿದ್ರು, ಇಂದಿರಕ್ಕಾ," ಎಂದಳು ಸುಮಿತ್ರಾ. "ನಿಮಗ ಕೇಳಿಸ್ಲಿಲ್ಲ. ಪುಣ್ಯಾ ಮಾಡೀರಿ!"

ಮಂಡಳಿ ಮಂಡಳಿಯೇ ನಕ್ಕಿತು. ಸೀರೆಯ ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಿತು. ಗಾಡಿ ಬಂದು ಹೋಯಿತು, ಯಾರೂ ಹತ್ತಲಿಲ್ಲ.

ಈಗ ಕುಸುಮಕ್ಕ ಪುಣೆಯಿಂದ ಮರಳಿದ್ದಾರೆ. ಸುಮಿತ್ರಾ ಮುಂದಿನ ಸಾಲಿಗೆ ಬಂದಿದ್ದಾಳೆ. ನನ್ನನ್ನೂ ಮಂಡಳಿ ಪೂರ್ತಿ ಕೈಬಿಟ್ಟಿಲ್ಲ. ಶುಕ್ರವಾರ ಜಮಖಾನೆ ಹಾಸುವ, ಭಜನೆ ಮುಗಿದ ಮೇಲೆ ಮಡಿಸಿಡುವ ಸಂಪೂರ್ಣ ಹೊಣೆ ನನಗೆ ಒಪ್ಪಿಸಿದ್ದಾರೆ. ಮೊನ್ನೆ ಅದನ್ನೂ ಉಲ್ಟಾ ಹಾಸಿದ್ದೆನಂತೆ.